ಕಶ್ಚಿದ್ಭಟನ ಹೆಸರು: ಕೊಪಣನಾಡಿನ ಹಿರಿಯರ ಆಟಗಳೂ ಪಾತ್ರ ತಾಳುವ ಸುಖವೂ

ಕೊಪ್ಪಳದ ಪಾಲ್ಕಿಗುಂಡು ಬೆಟ್ಟ ಅಶೋಕನ ಕಿರುಶಾಸನದಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅದೇ ಬೆಟ್ಟದ ಬಂಡೆಯ ಮೇಲೆ ಕೊರೆದ ಒಂದು ಜೊತೆ ಪಾದಗಳಿವೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಮಾಡಿಸಿದವನು ಚಾವಯ್ಯನೆಂದೂ ಅಲ್ಲಿಯ ಕಿರಿದಾದ ಹಳಗನ್ನಡ ಬರೆಹ ತಿಳಿಸುತ್ತದೆ. ಸಂಸ್ಕೃತದ 'ವರಾಂಗಚರಿತ'ವನ್ನು ರಚಿಸಿದ ಜಟಾಸಿಂಹನಂದಿಯೇ ಈ ಆಚಾರ್ಯನೆಂದು ಆ ಕಾವ್ಯವನ್ನು ಸಂಪಾದಿಸಿ 1938ರಲ್ಲಿ ಪ್ರಕಟಿಸಿದ ಎ. ಎನ್. ಉಪಾಧ್ಯೆ ಅವರು ಗುರುತಿಸಿದರು. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಹೆಸರಿಸುವ ಕೊಪಣನಗರ, ರನ್ನನು ಅತ್ತಿಮಬ್ಬೆಯ ನಡತೆಯ ಪಾವಿತ್ರ್ಯಕ್ಕೆ ಹೋಲಿಕೆಯಾಗಿ ತರುವ ಕೊಪಣಾಚಲ ಇದೇ. ಒಬ್ಬ ಕವಿಯ ಹೆಜ್ಜೆಯನ್ನು ಕಲ್ಲಿನಲ್ಲಿ ಉಳಿಸಿಕೊಂಡ ಸ್ಥಳಗಳು ಕನ್ನಡ ನಾಡಿನಲ್ಲಿ ಹೆಚ್ಚಿಲ್ಲ.

ವರಾಂಗಚರಿತದ ಕಥಾನಾಯಕನು ಉತ್ತಮಪುರದ ಧರ್ಮಸೇನ ಮಹಾರಾಜನ ಮಗ. ಯುವರಾಜನಾದ ಮೇಲೆ ಮಂತ್ರಿಯ ಒಳಸಂಚಿನಿಂದ, ವಕ್ರವಾಗಿ ಪಳಗಿಸಿದ ಕುದುರೆಯೊಂದು ಅವನನ್ನು ಕಾಡಿಗೆ ಹೊತ್ತೊಯ್ಯುತ್ತದೆ. ರಾಜ್ಯ, ಪರಿವಾರ, ಆಭರಣ ಎಲ್ಲವೂ ಕಳಚಿಹೋದ ವರಾಂಗನು ಸಾಗರವೃದ್ಧಿಯೆಂಬ ವರ್ತಕನ ಸಾರ್ಥವನ್ನು ಸೇರುತ್ತಾನೆ. ಪುಳಿಂದರು ಮೇಲೆ ಬಿದ್ದಾಗ ಅವರನ್ನು ಗೆದ್ದು ಸಾರ್ಥವನ್ನು ಕಾಯುತ್ತಾನೆ. ತಾನು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ. ಜನ ಅವನನ್ನು 'ಕಶ್ಚಿದ್ಭಟ'ನೆಂದು ಕರೆಯುತ್ತಾರೆ. 'ಯಾರೋ ಒಬ್ಬ ಯೋಧ' ಎಂಬುದು ಆ ಹೆಸರಿನ ಅರ್ಥ. ರಾಜಕುಮಾರನೊಬ್ಬ ವರ್ಷಗಟ್ಟಲೆ ಆ ಹೆಸರಿನಲ್ಲಿ ಬದುಕಿ, ಅದೇ ಹೆಸರಿನಲ್ಲಿ ಕೀರ್ತಿಯನ್ನೂ ಗಳಿಸಿ, ಕೊನೆಗೆ ತನ್ನ ಹೆಸರಿಗೆ ಮರಳುತ್ತಾನೆ.

ಈ ಕಥೆಯನ್ನು ಕರ್ಮಫಲದ ನಿದರ್ಶನವಾಗಿ ಓದುವುದು ರೂಢಿ. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ವಯಸ್ಸಿಗೆ ಬಂದ ಮನುಷ್ಯನಿಗೆ ತಾನಲ್ಲದ ಒಬ್ಬನಾಗಿ ಕೆಲಕಾಲ ಇರುವುದರಲ್ಲಿ ಏನು ದೊರೆಯುತ್ತದೆ? ಮಕ್ಕಳು ರಾಜ, ಕಳ್ಳ, ಪೋಲೀಸ ಎಂದು ಆಡಿದರೆ ಯಾರೂ ಕಾರಣ ಕೇಳುವುದಿಲ್ಲ. ನಲವತ್ತು ವರ್ಷದ ಗೃಹಸ್ಥನು ಆಡಿದರೆ ಕೇಳುತ್ತಾರೆ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸುವ ಆಟಗಳು ಬೆಂಗಳೂರಿನಂಥ ನಗರಗಳಲ್ಲಿ ವಯಸ್ಕರ ಹವ್ಯಾಸವಾಗಿರುವ ಈ ಕಾಲದಲ್ಲಿ ಆ ಪ್ರಶ್ನೆ ಹೊಸದೆಂಬಂತೆ ತೋರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಟದ ಪರಂಪರೆಯನ್ನೂ ಇಲ್ಲಿ ಬೇರುಬಿಟ್ಟಿದ್ದ ಜೈನ ವಿಚಾರಪರಂಪರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಪ್ರಶ್ನೆಯೂ ಹಳೆಯದು, ಅದಕ್ಕೆ ದೊರೆಯುವ ಉತ್ತರವೂ ಹಳೆಯದೆಂದು ತಿಳಿಯುತ್ತದೆ.

ಆಟದ ಸ್ವರೂಪ

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದು ಪ್ರಕಟವಾದದ್ದು 1974ರಲ್ಲಿ. ಅದರ ಮೂಲ ಯುದ್ಧದ ಆಟಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾದ ಸೇನಾಧಿಕಾರಿಗಳು ನಕಾಶೆಯ ಮೇಲೆ ಗುರುತುಗಳನ್ನು ನಡೆಸಿ, ಮಧ್ಯಸ್ಥನೊಬ್ಬನ ತೀರ್ಪಿಗೆ ಒಳಪಟ್ಟು ಕದನವನ್ನು ಅಭ್ಯಾಸ ಮಾಡುತ್ತಿದ್ದರು. ಕಾಲಾಂತರದಲ್ಲಿ ಅದು ಹವ್ಯಾಸಿಗಳ ಕೈಗೆ ಬಂದಿತು. ಗುರುತಿನ ಹಿಂದೆ ಇಡೀ ಸೈನ್ಯವಿರುವ ಬದಲು ಒಬ್ಬನೇ ವ್ಯಕ್ತಿ ಇರಲಿ, ಆ ವ್ಯಕ್ತಿಯ ಮಾತನ್ನು ಆಟಗಾರನೇ ಆಡಲಿ ಎಂದಾದಾಗ ಹೊಸ ಪ್ರಕಾರ ಹುಟ್ಟಿತು.

ಆಡುವ ಕ್ರಮ ಸರಳ. ನಾಲ್ಕೈದು ಮಂದಿ ಸುತ್ತ ಕೂರುತ್ತಾರೆ. ಒಬ್ಬನು ಕಥೆಯ ಲೋಕವನ್ನು ವರ್ಣಿಸುತ್ತಾನೆ, ಎದುರಾಗುವವರ ಮಾತನ್ನೆಲ್ಲ ತಾನೇ ಆಡುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಮಾಡಹೊರಟದ್ದು ಕೈಗೂಡುತ್ತದೆಯೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಗೆದ್ದವನು ಸೋತವನು ಎಂಬ ಕೊನೆಯಿಲ್ಲ. ಹಣದ ಪಣವೂ ಇಲ್ಲ.

ಇಂಥ ಆಟಗಾರರ ನಡುವೆ ಕುಳಿತು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್, 1983ರ ತನ್ನ 'ಶೇರ್ಡ್ ಫ್ಯಾಂಟಸಿ' ಗ್ರಂಥದಲ್ಲಿ ಆಟಗಾರನು ಏಕಕಾಲಕ್ಕೆ ಮೂರು ನೆಲೆಗಳಲ್ಲಿ ಇರುತ್ತಾನೆಂದು ತೋರಿಸಿದನು. ಮನೆ, ಉದ್ಯೋಗಗಳುಳ್ಳ ವ್ಯಕ್ತಿ ಒಂದು ನೆಲೆ. ನಿಯಮಗಳನ್ನು ಬಲ್ಲ ಆಟಗಾರ ಎರಡನೆಯದು. ಕಥೆಯೊಳಗಿನ ಪಾತ್ರ ಮೂರನೆಯದು. ಮೂರರ ನಡುವೆ ಕ್ಷಣಕ್ಷಣಕ್ಕೂ ಓಡಾಡುವುದೇ ಈ ಆಟದ ವಿಶೇಷ. ಅದಕ್ಕೂ ಮೊದಲು, 1958ರಲ್ಲಿ, ಫ್ರಾನ್ಸಿನ ರೋಜೆ ಕೈವಾ ಲೋಕದ ಆಟಗಳನ್ನೆಲ್ಲ ಸ್ಪರ್ಧೆ, ದೈವ, ಅನುಕರಣ, ಭ್ರಮಣೆ ಎಂಬ ನಾಲ್ಕು ತತ್ತ್ವಗಳಲ್ಲಿ ವಿಂಗಡಿಸಿದ್ದನು. ದೈವವೆಂದರೆ ದಾಳದ ಬೀಳು, ಅನುಕರಣವೆಂದರೆ ಪಾತ್ರ ತಾಳುವುದು. 1974ರ ಆಟವು ಈ ಎರಡನ್ನೂ ಒಂದೇ ಮೇಜಿನ ಮೇಲೆ ತಂದಿತು. ಕೊಪಣನಾಡಿನಲ್ಲಿ ಈ ಎರಡೂ ಬಹುಕಾಲದಿಂದ ಇದ್ದವು. ಆದರೆ ದಾಳ ಒಂದೆಡೆ, ಪಾತ್ರ ಇನ್ನೊಂದೆಡೆ ಇದ್ದವು.

ಕಲ್ಲಿನ ಮೇಲಿನ ಮನೆಗಳು

ಹಂಪಿ ಮತ್ತು ಆನೆಗೊಂದಿ ಪರಿಸರದ ಮಂಟಪಗಳ ನೆಲಗಲ್ಲುಗಳ ಮೇಲೆ, ಬಯಲಿನ ಬಂಡೆಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಶಾಸನಗಳಂತೆ ಇವುಗಳಲ್ಲಿ ದಾನಿಯ ಹೆಸರಿಲ್ಲ, ತೇದಿಯಿಲ್ಲ, ಶಾಪಾಶಯವಿಲ್ಲ. ಆದರೂ ಅವು ಇರುವ ಜಾಗವೇ ಒಂದು ಸಾಕ್ಷ್ಯ. ಮಂಟಪದ ನೆಲ ಕಾಯುವವರು, ಕೆಲಸದ ನಡುವೆ ದಣಿವಾರಿಸಿಕೊಳ್ಳುವವರು, ದಾರಿಹೋಕರು ಕೂರುವ ಸ್ಥಳ. ಗಟ್ಟಿಯಾದ ಕಣಶಿಲೆಯಲ್ಲಿ ಗೆರೆ ಕೊರೆಯಲು ಬೇಕಾದ ಕೈಬಲವೂ ಸಾಧನವೂ ಹಿರಿಯರವು. ಆಟವು ಬಾಲ್ಯದ ಸ್ವತ್ತೆಂಬ ಎಣಿಕೆಯನ್ನು ಈ ಕಲ್ಲುಗಳು ಒಪ್ಪುವುದಿಲ್ಲ.

ಇವುಗಳಲ್ಲಿ ಹುಲಿ-ಕುರಿಯ ಆಟ ವಿಶೇಷ ಗಮನಕ್ಕೆ ಅರ್ಹವಾದದ್ದು. ಚದುರಂಗದಲ್ಲಿ ಎರಡು ಕಡೆಯ ಬಲ ಸಮಾನ. ಹುಲಿ-ಕುರಿಯಲ್ಲಿ ಹಾಗಲ್ಲ. ಒಬ್ಬನ ಕೈಯಲ್ಲಿ ಮೂರೋ ನಾಲ್ಕೋ ಹುಲಿಗಳು, ಇನ್ನೊಬ್ಬನ ಕೈಯಲ್ಲಿ ಕುರಿಗಳ ಹಿಂಡು. ಹುಲಿ ಹಾರಿ ಕೊಲ್ಲಬಲ್ಲದು. ಕುರಿಗೆ ಕೊಲ್ಲುವ ಶಕ್ತಿಯಿಲ್ಲ, ಒಗ್ಗೂಡಿ ಹುಲಿಯ ದಾರಿಯನ್ನು ಕಟ್ಟುವ ಶಕ್ತಿಯಷ್ಟೇ ಇದೆ. ಒಂದು ಆಟ ಮುಗಿದ ಮೇಲೆ ಬದಿ ಬದಲಾಗುತ್ತದೆ. ಈಗಷ್ಟೇ ಹುಲಿಯಾಗಿ ಹಾರಿದವನು ಕುರಿಯಾಗಿ ಯೋಚಿಸಬೇಕು. ಬಲವಿಲ್ಲದವನ ವಿವೇಕ ಯಾವುದು, ಬಲವುಳ್ಳವನು ಯಾವ ಆತುರದಿಂದ ಸಿಕ್ಕಿಬೀಳುತ್ತಾನೆ ಎಂಬುದನ್ನು ಎರಡೂ ಕಡೆಯಿಂದ ತಿಳಿಯಬೇಕು. ಪಾತ್ರ ವಹಿಸುವ ಆಟದ ಬೀಜ ಇಲ್ಲಿಯೇ ಇದೆ.

ಪಗಡೆ ಮತ್ತು ಚೌಕಾಬಾರದ ಪರಿಭಾಷೆಯನ್ನೂ ಲಕ್ಷಿಸಬೇಕು. ಪಗಡೆಯ ಹಾಸಿಗೆ ನಾಲ್ಕು ತೋಳು, ತೋಳಿಗೆ ಎಂಟು ಮನೆಗಳ ಮೂರು ಸಾಲು, ಒಟ್ಟು 96 ಮನೆಗಳು. ಚೌಕಾಬಾರಕ್ಕೆ ಐದು ಸಾಲಿನ 25 ಮನೆ, ನಾಲ್ಕು ಕವಡೆ. ನಡೆಸುವ ಗುರುತಿಗೆ ಕನ್ನಡದಲ್ಲಿ 'ಕಾಯಿ' ಎಂದು ಹೆಸರು. ಸುತ್ತು ಮುಗಿಸಿ ನಡುಮನೆಯನ್ನು ಸೇರಿದಾಗ ಅದು 'ಹಣ್ಣಾಯಿತು' ಎನ್ನುತ್ತಾರೆ. ಎದುರಾಳಿ ಬಂದು ಅದೇ ಮನೆಯಲ್ಲಿ ಕೂತರೆ ಕಾಯಿ 'ಕಡಿದು'ಹೋಗಿ ಮೊದಲಿನಿಂದ ಹೊರಡಬೇಕು. ಗುರುತು ಹಾಕಿದ ಮನೆಯಲ್ಲಿರುವ ಕಾಯನ್ನು ಕಡಿಯುವಂತಿಲ್ಲ. ಒಂದಾದರೂ ಕಾಯಿ ಕಡಿಯದವನಿಗೆ ಒಳಸುತ್ತಿನ ಪ್ರವೇಶವಿಲ್ಲವೆಂಬ ನಿಯಮವೂ ಬಹಳ ಮನೆಗಳಲ್ಲಿದೆ. ಹುಟ್ಟು, ಸುತ್ತಾಟ, ಆಶ್ರಯ, ಅಳಿವು, ಮರುಹುಟ್ಟು, ಮಾಗುವಿಕೆ ಎಂಬ ಜೀವಯಾತ್ರೆಯ ಇಡೀ ನುಡಿಗಟ್ಟು ಆ ಹಾಸಿನ ಮೇಲಿದೆ. ಆದರೆ ಕಾಯಿಗೆ ಹೆಸರಿಲ್ಲ, ಮಾತಿಲ್ಲ. ಅದು ಕೆಂಪು, ಹಸಿರು, ಹಳದಿ, ಕಪ್ಪು ಮಾತ್ರ.

ಸಾರಥಿಯ ಪ್ರಶ್ನೆ

ಹೆಸರು ಮತ್ತು ಮಾತು ಇದ್ದದ್ದು ಬಯಲಿನಲ್ಲಿ. ಮೂಡಲಪಾಯದ ಉತ್ತರ ಕರ್ನಾಟಕದ ರೂಪವಾದ ದೊಡ್ಡಾಟವು ಈ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿಯ ನಂತರದ ಬಿಡುವಿನ ಕಲೆ. ಆಡುವವರು ವೃತ್ತಿನಟರಲ್ಲ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಮಾಸ್ತರನ ಎದುರು ತಾಲೀಮಿಗೆ ನಿಲ್ಲುತ್ತಾರೆ. ತಿಂಗಳುಗಟ್ಟಲೆ ಕಲಿತ ಮಾತು, ಪದ, ಕುಣಿತಗಳು ಒಂದು ರಾತ್ರಿಯ ಅಟ್ಟದ ಮೇಲೆ ವ್ಯಯವಾಗುತ್ತವೆ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಧರಿಸಿದವನು ಬೆಳಗಾಗುವವರೆಗೆ ಅರ್ಜುನನೋ ದುರ್ಯೋಧನನೋ ಆಗಿರುತ್ತಾನೆ. ಬೆಳಗಾದ ಮೇಲೆ ಮತ್ತೆ ಎತ್ತು ಹೂಡುವವನು.

ದೊಡ್ಡಾಟದ ಕಟ್ಟಿನಲ್ಲಿ ಸಾರಥಿಯ ಸ್ಥಾನವು ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದದ್ದು. ಪಾತ್ರವೊಂದು ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ಎದುರುಗೊಂಡು, ತಾವು ಯಾರು, ತಮ್ಮ ನಾಮಧೇಯವೇನು, ಯಾವ ಪಟ್ಟಣದವರು, ಈ ಸಭಾಸ್ಥಾನಕ್ಕೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ಉತ್ತರಿಸುತ್ತಾನೆ. ಆ ಉತ್ತರದಿಂದಲೇ ಪಾತ್ರ ಸ್ಥಾಪಿತವಾಗುತ್ತದೆ. ಕೇಳುತ್ತಿರುವ ಊರವರಿಗೆ ಆತ ಯಾರ ಮಗ, ಎಷ್ಟು ಎಕರೆಯ ಒಡೆಯ, ಯಾರಿಗೆ ಎಷ್ಟು ಸಾಲ ಕೊಡಬೇಕು ಎಂಬುದೆಲ್ಲ ಗೊತ್ತು. ಗೊತ್ತಿದ್ದೂ ಆ ಪ್ರಶ್ನೆಯನ್ನು ಒಪ್ಪುತ್ತಾರೆ, ಉತ್ತರವನ್ನೂ ಒಪ್ಪುತ್ತಾರೆ. ಫೈನ್ ಹೇಳುವ ಮೂರು ನೆಲೆಗಳು ಇಲ್ಲಿ ಒಂದೇ ಅಟ್ಟದ ಮೇಲೆ ಕಾಣುತ್ತವೆ. ಮೇಜಿನ ಸುತ್ತಲಿನ ಆಟದಲ್ಲಿ ಕಥೆ ನಡೆಸುವವನು ಮಾಡುವ ಮೊದಲ ಕೆಲಸವೂ ಸಾರಥಿಯದೇ: ನೀನು ಯಾರು, ಇಲ್ಲಿಗೆ ಏಕೆ ಬಂದೆ ಎಂದು ಕೇಳುವುದು.

ಒಬ್ಬನೇ ಎಲ್ಲರ ಮಾತನ್ನೂ ಆಡುವ ಕೌಶಲ್ಯ ತೊಗಲುಗೊಂಬೆಯಾಟದಲ್ಲಿದೆ. ಶಿಳ್ಳೇಕ್ಯಾತ ಸಮುದಾಯದವರು ತೊಗಲಿನ ಚಿತ್ರಗಳನ್ನು ಪರದೆಯ ಹಿಂದೆ ಕುಣಿಸುತ್ತ ರಾಮಾಯಣ ಮಹಾಭಾರತಗಳನ್ನು ನಡೆಸುತ್ತಾರೆ. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯಪಾತ್ರಗಳು ನುಗ್ಗಿ ಆಯಾ ಊರಿನ ಸಂಗತಿಗಳನ್ನು ಆಡಿಕೊಳ್ಳುತ್ತವೆ. ಸಂಭಾಷಣೆಯ ಬಹುಭಾಗ ಆ ಕ್ಷಣದ ಕಟ್ಟು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗೆ ದೊರೆತ ಮನ್ನಣೆ. ಇಲ್ಲಿ ಇನ್ನೊಂದು ಅಂಶವನ್ನೂ ಹೇಳಬೇಕು. ದೊಡ್ಡಾಟದ ಅಟ್ಟದ ಮೇಲೆ ಸ್ತ್ರೀಪಾತ್ರವನ್ನೂ ಗಂಡಸರೇ ವಹಿಸುವುದು ಸಂಪ್ರದಾಯವಾಗಿತ್ತು. ಹೆಂಗಸರಿಗೆ ಮನೆಯೊಳಗಿನ ಚೌಕಾಬಾರ, ಅಳಿಗುಳಿಮಣೆಗಳಿದ್ದವು. ಪಾತ್ರ ತಾಳುವ ಸುಖ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಆದ್ದರಿಂದಲೇ ಪರದೆಯ ಹಿಂದೆ ನಿಂತು ಹೆಣ್ಣೊಬ್ಬಳು ಸೀತೆಯ ಮಾತನ್ನೂ ರಾವಣನ ಮಾತನ್ನೂ ತಾನೇ ಆಡಬಲ್ಲ ಕಲೆಗೆ ಸಾಮಾಜಿಕ ಇತಿಹಾಸದಲ್ಲಿ ಬೇರೆಯೇ ಬೆಲೆಯಿದೆ.

ಜ್ಞಾನಚೌಪಡ

ದಾಳವನ್ನೂ ಪಾತ್ರವನ್ನೂ ಒಂದೇ ಪಟದ ಮೇಲೆ ತರಲು ಯತ್ನಿಸಿದ ಹಳೆಯ ಆಟವೊಂದಿದ್ದರೆ ಅದು ಏಣಿ-ಹಾವಿನ ಮೂಲರೂಪ. ಕನ್ನಡ ನಾಡಿನಲ್ಲಿ ವೈಕುಂಠ ಏಕಾದಶಿಯ ರಾತ್ರಿ ಆಡುತ್ತಿದ್ದ ಪರಮಪದ ಸೋಪಾನಪಟ ಅದರ ವೈಷ್ಣವ ರೂಪ. ಗುಜರಾತ, ರಾಜಸ್ಥಾನಗಳ ಜೈನರಲ್ಲಿ ಪ್ರಚಲಿತವಾಗಿದ್ದ ಜ್ಞಾನಚೌಪಡ ಜೈನ ರೂಪ. ಅದರಲ್ಲಿ ಸಾಮಾನ್ಯವಾಗಿ 84 ಮನೆಗಳು. ಪ್ರತಿ ಮನೆಗೂ ಹೆಸರಿದೆ: ಗುಣ, ದೋಷ, ನರಕ, ಸ್ವರ್ಗ, ಹೀಗೆ. ದೋಷದ ಮನೆಯಿಂದ ಹಾವು ಕೆಳಗಿಳಿಸುತ್ತದೆ, ಗುಣದ ಮನೆಯಿಂದ ಏಣಿ ಮೇಲೇರಿಸುತ್ತದೆ. ತುದಿಯಲ್ಲಿ ಮುಕ್ತಜೀವರ ನೆಲೆ. ಪಗಡೆಯ ಕಾಯಿಗೆ ಹೆಸರಿರಲಿಲ್ಲ. ಇಲ್ಲಿಯ ಕಾಯಿ ಆಡುತ್ತಿರುವವನ ಜೀವವೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿರುವುದನ್ನು ನೆನೆದರೆ, ಆಟವನ್ನು ಅರಿವಿನ ಒಂದು ಪ್ರಕಾರವಾಗಿ ಕಂಡ ದೃಷ್ಟಿ ಈ ನಾಡಿನಲ್ಲಿ ಅಪರೂಪವಾಗಿರಲಿಲ್ಲವೆನ್ನಬಹುದು.

ಆದರೆ ಜ್ಞಾನಚೌಪಡದಲ್ಲಿ ಒಂದು ಕೊರತೆಯಿದೆ. ಅಲ್ಲಿ ಆಯ್ಕೆಯಿಲ್ಲ. ಕವಡೆ ಬಿದ್ದಷ್ಟು ನಡೆಯಬೇಕು, ಮನೆ ಕೊಟ್ಟದ್ದನ್ನು ಉಣ್ಣಬೇಕು. ಜೈನಸಿದ್ಧಾಂತದಲ್ಲಾದರೋ ಪುರುಷಾರ್ಥಕ್ಕೆ ಸ್ಥಾನವಿದೆ. ಕರ್ಮದ ಉದಯ ಜೀವದ ಕೈಯಲ್ಲಿಲ್ಲದಿದ್ದರೂ ಅದನ್ನು ಯಾವ ಭಾವದಿಂದ ಎದುರಿಸಬೇಕೆಂಬುದು ಅದರ ಕೈಯಲ್ಲಿದೆ. ದಾಳ ಬಿದ್ದ ಮೇಲೆ ಪಾತ್ರವು ಏನು ಮಾಡುತ್ತದೆ ಎಂದು ಕೇಳುವ ಆಟವು ಈ ಒಂದು ವಿಷಯದಲ್ಲಿ ಸಿದ್ಧಾಂತಕ್ಕೆ ಹೆಚ್ಚು ಸಮೀಪವಾದದ್ದು.

ವ್ಯಸನವೋ ಕ್ರೀಡೆಯೋ

ಇಷ್ಟು ಹೇಳಿದ ಮೇಲೆ ಆಕ್ಷೇಪವೊಂದು ಏಳುವುದು ಸಹಜ. ಶ್ರಾವಕಾಚಾರಗಳು ಹೇಳುವ ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಅದಕ್ಕೆ ಕೊಡುವ ದೃಷ್ಟಾಂತ ಧರ್ಮರಾಯನದು. ಪಂಪನ ವಿಕ್ರಮಾರ್ಜುನವಿಜಯದ ದ್ಯೂತಪ್ರಸಂಗವನ್ನು ಓದಿದ ವಿದ್ಯಾರ್ಥಿಗಳು ದಾಳವೆಂದರೆ ಕೇಡೆಂಬ ತೀರ್ಮಾನಕ್ಕೆ ಬರುವುದುಂಟು. ಹೊರನಾಡಿನಲ್ಲಿಯೂ ಇಂಥ ಸಂಶಯಕ್ಕೆ ಕೊರತೆಯಿರಲಿಲ್ಲ. 1980ರ ದಶಕದ ಅಮೆರಿಕದಲ್ಲಿ ಪಾತ್ರ ವಹಿಸುವ ಆಟಗಳು ಎಳೆಯರನ್ನು ಸೈತಾನನ ಆರಾಧನೆಗೆ ಎಳೆಯುತ್ತವೆಂಬ ಭೀತಿ ಹಬ್ಬಿತ್ತು.

ದ್ಯೂತಸಭೆಯಲ್ಲಿ ನಡೆದದ್ದೇನೆಂದು ವಿಚಾರಿಸಬೇಕು. ಡಚ್ ವಿದ್ವಾಂಸ ಯೊಹಾನ್ ಹೌಝಿಂಗ 1938ರಲ್ಲಿ ಪ್ರತಿಪಾದಿಸಿದಂತೆ, ಆಟಕ್ಕೆ ತನ್ನದೇ ಆದ ಆವರಣವಿರುತ್ತದೆ. ಅದರೊಳಗೆ ಬೇರೆ ನಿಯಮ, ಬೇರೆ ಕಾಲ. ಹಸ್ತಿನಾವತಿಯ ಸಭೆಯಲ್ಲಿ ಆ ಆವರಣ ಒಡೆಯಿತು. ಒಡೆದದ್ದು ಪಣದಿಂದ. ಹಾಸಿನ ಮೇಲಿನ ಸೋಲು ಹಾಸನ್ನು ದಾಟಿ ರಾಜ್ಯವನ್ನು ನುಂಗಿತು, ದ್ರೌಪದಿಯ ಮುಡಿಗೆ ಕೈಹಾಕಿತು. ಆಟದ ಫಲವು ಆಟದ ಹೊರಗಿನವರ ಬಾಳನ್ನು ಸುಡುವುದಾದರೆ ಅದು ದ್ಯೂತ. ಫಲವೆಲ್ಲ ಹಾಸಿನ ಮೇಲೆಯೇ ಉಳಿದು, ಮಡಿಸಿಟ್ಟಾಗ ಅದರೊಡನೆಯೇ ಮಡಿಸಿಹೋಗುವುದಾದರೆ ಅದು ಕ್ರೀಡೆ. ಸಪ್ತವ್ಯಸನದ ನಿಷೇಧ ಮೊದಲನೆಯದಕ್ಕೆ ಅನ್ವಯಿಸುತ್ತದೆ.

ಇನ್ನೂ ಕಠಿಣವಾದ ಆಕ್ಷೇಪ ಜನ್ನನಿಂದ ಬರುತ್ತದೆ. 1209ರ ಯಶೋಧರಚರಿತೆಯಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾಗಿ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತಾರೆ. ಇದು ಹಿಟ್ಟು ಮಾತ್ರ ಎಂಬ ಯಶೋಧರನ ಸಮಾಧಾನಕ್ಕೂ ಇದು ಆಟ ಮಾತ್ರ ಎಂಬ ಆಟಗಾರನ ಸಮಾಧಾನಕ್ಕೂ ಏನು ವ್ಯತ್ಯಾಸ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮೊದಲಿಗೆ ಇಡುತ್ತದೆ. ಪುರುಷಾರ್ಥಸಿದ್ಧ್ಯುಪಾಯದ ಅಮೃತಚಂದ್ರಸೂರಿಯು ರಾಗಾದಿಗಳ ಉದಯವನ್ನೇ ಹಿಂಸೆಯೆನ್ನುತ್ತಾನೆ. ಮೇಜಿನ ಮೇಲೆ ಕಲ್ಪಿತ ರಾಕ್ಷಸನನ್ನು ಕೊಂದವನು, ಹುಲಿಯಾಗಿ ಕುರಿಯನ್ನು ಹಾರಿದವನು ಈ ಮಾತಿನಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ವ್ಯತ್ಯಾಸವಿದೆ. ಯಶೋಧರನು ಆಡುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಲೋಕದಲ್ಲಿ ಫಲಿಸುವ ಶಾಂತಿ. ಕೋಳಿಯು ಹಿಟ್ಟಿನದಾದರೂ ಬಲಿ ನಿಜವಾದ ಬಲಿ, ಫಲಾಪೇಕ್ಷೆಯೂ ನಿಜವಾದದ್ದು. ಅಲ್ಲಿ ತೋರಿಕೆಯನ್ನು ತೋರಿಕೆಯೆಂದು ಎಲ್ಲರೂ ಒಪ್ಪಿದ ಆವರಣವಿರಲಿಲ್ಲ. ತನ್ನ ಮನಸ್ಸನ್ನು ತಾನೇ ವಂಚಿಸಿಕೊಂಡ ರಾಜಿಯೊಂದಿತ್ತು. ಆದರೂ ಜನ್ನನ ಎಚ್ಚರಿಕೆ ಪೂರ್ತಿಯಾಗಿ ಕಳೆದುಹೋಗುವುದಿಲ್ಲ. ಕಡಿದುಹೋದ ಕಾಯಿಗಾಗಿ ಎರಡು ದಿನ ಮಾತು ಬಿಟ್ಟವನ ಕ್ರೋಧ ಆಟದ್ದಲ್ಲ, ಅವನದೇ. ಕಲ್ಪಿತ ಸೆರೆಯಾಳಿನ ಮೇಲೆ ಕ್ರೌರ್ಯವನ್ನು ಸವಿದವನ ಸವಿಯೂ ಅವನದೇ. ಪಾತ್ರ ಕಲ್ಪಿತ, ಭಾವ ಕಲ್ಪಿತವಲ್ಲ. ಪಾತ್ರ ತಾಳುವ ಸುಖದ ಗುಟ್ಟೂ ಅದರ ಅಪಾಯವೂ ಇದೇ ಜಾಗದಲ್ಲಿವೆ.

ಮೂರು ಬಗೆಯ ವೇಷ

ಜೈನ ಕಥಾಸಾಹಿತ್ಯವು ವೇಷದ ಬಗೆಗಳನ್ನು ಬಹಳ ಸೂಕ್ಷ್ಮವಾಗಿ ವಿಂಗಡಿಸಿದೆ. ಗಂಗಾವತಿಯ ಬಳಿಯ ಆನೆಗೊಂದಿ ಸೀಮೆಯನ್ನು ಜನ ಕಿಷ್ಕಿಂಧೆಯೆನ್ನುತ್ತಾರೆ. ವಿಮಲಸೂರಿಯ ಪಉಮಚರಿಯದ ಪರಂಪರೆಯಲ್ಲಿ ಕಿಷ್ಕಿಂಧೆಯ ವಾನರರು ಕಪಿಗಳಲ್ಲ, ಕಪಿಲಾಂಛನದ ವಿದ್ಯಾಧರರು. ಅಲ್ಲಿ ಸಾಹಸಗತಿಯೆಂಬ ವಿದ್ಯಾಧರನು ಸುಗ್ರೀವನ ರೂಪವನ್ನೇ ತಾಳಿ ಅವನ ಮನೆಯನ್ನು ಹೊಗುತ್ತಾನೆ. ರಾಮನ ಎದುರಿನಲ್ಲಿ ಅವನ ವಿದ್ಯೆ ಬಿಟ್ಟುಹೋಗಿ ನಿಜರೂಪ ಬಯಲಾಗುತ್ತದೆ. ಇದು ಯಾರ ಒಪ್ಪಿಗೆಯೂ ಇಲ್ಲದ ವೇಷ, ಕಪಟ. ವರಾಂಗನು ಕಶ್ಚಿದ್ಭಟನಾದದ್ದು ಆಪತ್ತಿನಲ್ಲಿ ಬಂದ ವೇಷ. ಅದರಲ್ಲಿ ಮರೆಯಿದೆ, ವಂಚನೆಯಿಲ್ಲ. ದೊಡ್ಡಾಟದವನದೂ ಮೇಜಿನ ಸುತ್ತಲಿನವರದೂ ಮೂರನೆಯ ಬಗೆ. ಅಲ್ಲಿ ಎಲ್ಲರಿಗೂ ಎಲ್ಲವೂ ತಿಳಿದಿದೆ.

ತಿಳಿದೂ ಮರೆಯುವ, ಮರೆತೂ ತಿಳಿದಿರುವ ಈ ಸ್ಥಿತಿಗೆ ಆದಿಪುರಾಣದ ನೀಲಾಂಜನೆಯ ಪ್ರಸಂಗ ಒಳ್ಳೆಯ ಒರೆಗಲ್ಲು. ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂಥದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ, ಪುರುದೇವನೊಬ್ಬನಿಗೆ ತಿಳಿಯುತ್ತದೆ. ಸಭೆಯವರು ಪಾತ್ರದಲ್ಲಿ ಮುಳುಗಿದವರು. ಆದಿನಾಥನು ಪಾತ್ರವನ್ನು ಸವಿಯುತ್ತಲೇ ಅದರ ಹಿಂದಿನ ಬದಲಾವಣೆಯನ್ನು ಕಂಡವನು. ದ್ರವ್ಯವು ಗುಣಪರ್ಯಾಯಗಳಿಂದ ಕೂಡಿದ್ದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಜೀವವು ಒಂದೇ, ಪರ್ಯಾಯಗಳು ಹಲವು. ಭವಾವಳಿಗಳು ತುಂಬಿದ ಪುರಾಣಗಳನ್ನು ಕೇಳಿ ಬೆಳೆದ ಸಮಾಜಕ್ಕೆ, ತನ್ನ ಈಗಿನ ಹೆಸರೂ ಒಂದು ಪರ್ಯಾಯವೇ ಎಂಬುದು ಅಪರಿಚಿತವಾದ ಮಾತಲ್ಲ.

ಈ ಬೆಳಕಿನಲ್ಲಿ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಮಗುವಿಗೆ ಇನ್ನೂ ಒಂದು ನಿಶ್ಚಿತ ಪಾತ್ರವಿಲ್ಲ. ಆದ್ದರಿಂದ ಅದು ಆಡುವುದು ತನಗೆ ಮುಂದೆ ಬರಬಹುದಾದ ಪಾತ್ರಗಳನ್ನು. ಹಿರಿಯರಿಗೆ ಪಾತ್ರ ನಿಶ್ಚಯವಾಗಿಬಿಟ್ಟಿದೆ. ಕುಲ, ಕಸುಬು, ಸಂಬಂಧ, ಸಾಲ ಇವೆಲ್ಲ ಸೇರಿ ಒಬ್ಬನನ್ನು ಒಂದೇ ಹೆಸರಿಗೆ ಕಟ್ಟಿಹಾಕಿವೆ. ದಿನವೂ ತೆಗೆದುಕೊಳ್ಳುವ ನಿರ್ಧಾರಗಳು ಬಿಟ್ಟುಹೋಗದ ಫಲವನ್ನು ತರುತ್ತವೆ. ಒಂದು ರಾತ್ರಿಯ ಮಟ್ಟಿಗೆ ಬೇರೆ ಹೆಸರಿನಲ್ಲಿ ನಿಂತು, ಜೊತೆಗಾರರ ಒಪ್ಪಿಗೆಯಿಂದ ದೊಡ್ಡ ನಿರ್ಧಾರವೊಂದನ್ನು ಕೈಗೊಂಡು, ಅದರ ಫಲವನ್ನು ಕಣ್ಣಾರೆ ಕಂಡು, ಮತ್ತೆ ತನ್ನ ಹೆಸರಿಗೆ ಮರಳುವ ಅವಕಾಶ ಹಿರಿಯರಿಗೆ ದುರ್ಲಭ. ಆ ದುರ್ಲಭವಾದದ್ದನ್ನು ಕೊಡುವುದರಿಂದ ಆಟ ಹಿತವೆನಿಸುತ್ತದೆ. ಹೀಗೆ ಮರಳಿದವನು ತನ್ನೊಳಗೆ ಯಾವ ಭಾವವಿತ್ತೆಂಬುದನ್ನೂ ಅರಿತಿರುತ್ತಾನೆ. ದುರ್ಯೋಧನನಾಗಿ ನಿಂತವನಿಗೆ ಛಲ ಎಂಥದೆಂಬುದು ಮೈಯಲ್ಲಿ ತಿಳಿದಿರುತ್ತದೆ. ಕುರಿಯಾಗಿ ಆಡಿದವನಿಗೆ ಒಗ್ಗಟ್ಟಿನ ಬೆಲೆ ತಿಳಿದಿರುತ್ತದೆ. ಇದನ್ನು ಕಾಲಹರಣವೆನ್ನುವುದು ಅವಸರದ ಮಾತು.

ದೊಡ್ಡಾಟದ ತಾಲೀಮು ನಡೆಯುವ ಊರುಗಳು ಇಂದು ಕಡಿಮೆಯಾಗಿವೆ. ಕವಡೆಯ ಸದ್ದೂ ಕಟ್ಟೆಗಳ ಮೇಲೆ ಮೊದಲಿನಷ್ಟು ಕೇಳುವುದಿಲ್ಲ. ಪಠ್ಯಗಳ ಸಂಪಾದನೆಗೆ ಕೊಟ್ಟ ಶ್ರದ್ಧೆಯಲ್ಲಿ ಒಂದು ಪಾಲನ್ನು ಸಂಶೋಧನ ವಿದ್ಯಾರ್ಥಿಗಳು ಈ ಆಟಗಳ ಕಡೆಗೂ ಕೊಡಬೇಕಾಗಿದೆ. ಯಾವ ಊರಿನ ಬಂಡೆಯಲ್ಲಿ ಯಾವ ಮನೆ ಕೊರೆದಿದೆ, ಅದನ್ನು ಆಡುವ ನಿಯಮವೇನು, ಕಾಯಿಗೂ ಮನೆಗೂ ಅಲ್ಲಿಯ ಹೆಸರೇನು, ಯಾವ ಮ್ಯಾಳದ ಸಾರಥಿ ಯಾವ ಕ್ರಮದಲ್ಲಿ ಪ್ರಶ್ನೆ ಕೇಳುತ್ತಾನೆ ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಈ ಕೆಲಸವನ್ನು ಆರಂಭಿಸಬಹುದು. ಶಾಸನದ ಕಲ್ಲು ಕಾದೀತು, ಮನುಷ್ಯರ ನೆನಪು ಕಾಯುವುದಿಲ್ಲ.

ವರಾಂಗನು ಕೊನೆಗೆ ರಾಜ್ಯವನ್ನು ಪಡೆದು, ಬಹುಕಾಲ ಆಳಿ, ಅದನ್ನೂ ಬಿಟ್ಟು ದೀಕ್ಷೆ ವಹಿಸುತ್ತಾನೆ. ಕಶ್ಚಿದ್ಭಟನೆಂಬ ಹೆಸರನ್ನು ಒಮ್ಮೆ ಧರಿಸಿ ಕಳಚಿದ್ದವನಿಗೆ ಮಹಾರಾಜನೆಂಬ ಹೆಸರನ್ನು ಕಳಚುವುದು ಅಷ್ಟು ಕಷ್ಟವಾಗಿರಲಾರದು. ಆ ಕಥೆಯನ್ನು ಬರೆದ ಕವಿಯ ಪಾದಗಳು ಪಾಲ್ಕಿಗುಂಡಿನ ಬಂಡೆಯ ಮೇಲೆ ಇಂದಿಗೂ ಇವೆ.